ಎಡಗಿವಿ

ಆಲೂಗೆಡ್ಡೆ ಮಂಡಿಯಲ್ಲಿ ಹತ್ತೂವರೆಯ ಟೀ.
ಮೂರು ಲಾರಿ ಇಳಿಸಿ, ಕೊಕ್ಕೆಗಳನ್ನು ಸೊಂಟಕ್ಕೆ ಸಿಗಿಸಿ
ಏಳು ಜನ ಹಮಾಲಿಗಳು ತಕ್ಕಡಿಯ ಸುತ್ತ ಕೂತಿದ್ದೆವು.
ರೆಪ್ಪೆಯ ಮೇಲೂ ಕೆಂಪು ಮಣ್ಣು.

ದುದ್ದದ ಕಡೆಯ ಹುಡುಗ ಯೋಗಾನಂದ,
ಮದುವೆಯಾಗಿ ಒಂಬತ್ತು ತಿಂಗಳು,
ಗ್ಲಾಸು ಊದುತ್ತ ಹೇಳಿದ:
"ಫೋನು ಕೊಡೇ ಅಂದ್ರೆ ಯಾಕೆ ಅಂದ್ಲು.
ಬಿಟ್ಟೆ ನೋಡಿ ಒಂದು.
ಈಗ ಕೇಳೋಕ್ ಮುಂಚೇನೇ ಕೊಡ್ತಾಳೆ."

ಎಲ್ಲರೂ ನಕ್ಕರು.
ನಾನೂ ನಕ್ಕೆ.
ನನ್ನ ನಗುವಿಗೆ ವಯಸ್ಸಾಗಿದೆ,
ಕರೆಯದಿದ್ದರೂ ಬರುತ್ತದೆ
ಟೀ ಅಂಗಡಿಯ ನಾಯಿಯಂತೆ, ಬಾಲ ಅಲ್ಲಾಡಿಸುತ್ತ.

ತೂಕದ ಖಲಂದರ್ ಸಾಬರು ನಗಲಿಲ್ಲ.
ಬಟ್ಟುಗಳನ್ನು ಒರೆಸುತ್ತಿದ್ದವರು
ಹುಡುಗನನ್ನು ನೋಡಲಿಲ್ಲ, ನನ್ನನ್ನು ನೋಡಿದರು.
ಅವರ ಮನೆಗೂ ನಮ್ಮ ಮನೆಗೂ
ನಡುವೆ ಇರುವುದು ಒಂದೇ ಗೋಡೆ.

*

ಮದುವೆಯಾಗುವುದಕ್ಕೆ ಕೈ ಹಿಡಿಯುವುದು ಅಂತೀವಿ.
ಹೊಡೆಯುವುದಕ್ಕೆ ಕೈ ಮಾಡುವುದು.
ಕೈ ಒಂದೇ.
ಮೂಟೆ ಎತ್ತುವುದೂ ಅದೇ,
ರಾತ್ರಿ ಮುದ್ದೆ ಮುರಿಯುವುದೂ ಅದೇ.

ಸಂತೆಗೆ ಹೊರಟರೆ, ಯಾರದೋ ಮದುವೆಗೆ ಹೊರಟರೆ
ಪುಟ್ಟಲಕ್ಷ್ಮಿ ನನ್ನ ಎಡಕ್ಕೇ ನಡೆಯುತ್ತಾಳೆ.
ಬಸ್ಸಿನಲ್ಲಿ ಎಡಕ್ಕೆ, ಫೋಟೋದಲ್ಲಿ ಎಡಕ್ಕೆ.
"ಹೆಂಡ್ತಿ ಅಂದ್ರೆ ಹಿಂಗಿರಬೇಕು,
ಶಾಸ್ತ್ರ ಬಿಡಲ್ಲ" ಎಂದು ಹೊಗಳುತ್ತಾಳೆ ನನ್ನ ಅತ್ತಿಗೆ.

ಶಾಸ್ತ್ರವಲ್ಲ ಅದು.
ಎಡಕ್ಕೆ ನಿಂತರೆ ಅವಳ ಬಲಗಿವಿ ನನ್ನ ಕಡೆಗಿರುತ್ತದೆ.
ಇನ್ನೊಂದರಲ್ಲಿ ಏನೂ ಇಲ್ಲ.
ಹದಿನೆಂಟು ವರ್ಷದ ಹಿಂದೆ ಸಾರಿಗೆ ಉಪ್ಪು ಜಾಸ್ತಿಯಾಗಿತ್ತು.
ಅಥವಾ ಕಮ್ಮಿಯಾಗಿತ್ತು.
ಅದೂ ನೆನಪಿಲ್ಲ ನನಗೆ, ನೋಡಿ.

*

ಮಾರನೆಯ ದಿನ ಅದೇ ಟೀ ಹೊತ್ತಿಗೆ ಹೇಳಿಬಿಟ್ಟೆ.
ಬುದ್ಧಿ ಹೇಳಲಿಲ್ಲ; ನನ್ನ ಹತ್ತಿರ ಎಲ್ಲಿದೆ ಬುದ್ಧಿ?
ಕಿವಿಯ ವಿಷಯ ಹೇಳಿದೆ ಅಷ್ಟೆ.
ಬಾಗಿಲ ಎಡಕ್ಕೆ ನಿಂತು ಮಗಳು "ಅವ್ವಾ" ಅಂದರೆ
ಅವಳು ಬಲಕ್ಕೆ ತಿರುಗಿ ಹುಡುಕುವುದನ್ನು ಹೇಳಿದೆ.
ಕುಕ್ಕರ್ ಎಷ್ಟು ಸಲ ಕೂಗಿತು ಎಂದು
ನಮ್ಮನ್ನೇ ಕೇಳುವುದನ್ನು ಹೇಳಿದೆ.

ಯಾರೋ ಕೆಮ್ಮಿದರು. ಯಾರೋ ಬೀಡಿ ಹುಡುಕಿದರು.
ನಗಲು ನಾನೇ ಎಲ್ಲೂ ಜಾಗ ಬಿಟ್ಟಿರಲಿಲ್ಲ.

ಸಾಬರು ಕೊನೆಯ ಬಟ್ಟು ಕೆಳಗಿಟ್ಟು
ಯಾರಿಗೂ ಅಲ್ಲದ ಹಾಗೆ ಅಂದರು:
"ಆ ರಾತ್ರಿ ನಮಗೆ ಕೇಳಿಸಿತ್ತು.
ನಾನು ಎದ್ದು ರೇಡಿಯೋ ಜೋರು ಮಾಡಿದೆ."

ಯೋಗಾನಂದ ಟೀ ಅರ್ಧಕ್ಕೇ ಬಿಟ್ಟು
ಯಾರೂ ಕರೆಯದೆ ಲಾರಿ ಹತ್ತಿದ.
ಕೋಪ ಬಂತೇನೋ ಅಂದುಕೊಂಡೆ.
ಮೂರು ದಿನ ನನ್ನ ಬೆನ್ನಿಗೆ ಮೂಟೆ ಕೊಡಲಿಲ್ಲ,
ಬೇರೆಯವರಿಗೆ ಕೊಟ್ಟ.

ನಾಲ್ಕನೆಯ ದಿನ ಗೋಣಿಯ ಬಾಯಿ ಹೊಲೆಯುತ್ತ,
ದಬ್ಬಳದಿಂದ ಕಣ್ಣು ಎತ್ತದೆ ಕೇಳಿದ:
"ಅಣ್ಣ, ದೊಡ್ಡಾಸ್ಪತ್ರೇಲಿ
ಕಿವಿ ಡಾಕ್ಟ್ರು ಯಾವ ವಾರ ಕೂರ್ತಾರೆ?"

ಐವತ್ತು ಕೆಜಿ ನನಗೆ ಯಾವತ್ತೂ ಭಾರವಲ್ಲ.
ಅವತ್ತು ಎತ್ತಲಾಗಲಿಲ್ಲ.
"ಗೊತ್ತಿಲ್ಲ ಕಣಪ್ಪ" ಅಂದೆ.
ಗೊತ್ತಿರಬೇಕಿತ್ತು. ಹದಿನೆಂಟು ವರ್ಷದಲ್ಲಿ
ಒಂದು ಸಲವೂ ವಿಚಾರಿಸಿರಲಿಲ್ಲ.

ಸಂಜೆ ಕೈಕಾಲು ತೊಳೆದು
ಅವಳ ಬಲಕ್ಕೆ ಹೋಗಿ ಕೂತೆ.
ಮೊರದಲ್ಲಿ ಅಕ್ಕಿ, ಬೆರಳ ತುದಿಯಲ್ಲಿ ಒಂದು ಕಲ್ಲು.
"ನಾಳೆ ಆಸ್ಪತ್ರೆಗೆ ಹೋಗಿಬರೋಣ" ಅಂದೆ.
"ಜೊತೆಗೆ ಒಬ್ಬ ಹುಡುಗ, ಅವನ ಹೆಂಡ್ತಿ ಬರ್ತಾರೆ."

ಅವಳು ಕಲ್ಲನ್ನು ಅಂಗಳಕ್ಕೆ ಎಸೆದು
ನನ್ನ ಹಣೆ ಮುಟ್ಟಿ ನೋಡಿದಳು:
"ಯಾಕೆ, ಯಾರಿಗೆ ಏನಾಯ್ತು?"